ಮೂಳೆ ನೋವಿದ್ದರೆ ವಿಟಮಿನ್ ಡಿ ಬಗ್ಗೆ ವಿಚಾರಿಸಿ
ಲಾಲ್‌ಬಾಗ್ ನಡಿಗೆ ಗುಂಪಿನ ಎಲ್ಲರಿಗೂ ನಮಸ್ಕಾರ. ಸೊಂಟ, ಮೊಣಕಾಲು ನೋವೆಂದು ಹಲವರು ಬರೆಯುತ್ತಿದ್ದೀರಿ. ದಯವಿಟ್ಟು ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಮೊಣಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೋಯುತ್ತದೆಯೇ? ನೆಲದಿಂದ ಏಳಲು ಕೈ ಊರಬೇಕೇ? ಹಾಗಿದ್ದರೆ ವಿಟಮಿನ್ ಡಿ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ.

ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ನಾವು ನಡೆಯುವ ಹೊತ್ತಿನ ಎಳೆಬಿಸಿಲು ಸಾಲದು. ಕಚೇರಿಯ ಕಿಟಕಿಯ ಬಿಸಿಲೂ ಅಷ್ಟೇ. ಬೇಕಾದ ಕಿರಣಗಳನ್ನು ಗಾಜೇ ತಡೆಯುತ್ತದೆ.

ಪಕ್ಕದ ಮನೆಯವರು ವಾರಕ್ಕೊಂದು ನುಂಗುತ್ತಾರೆಂದು 60,000 ಯೂನಿಟ್ ಮಾತ್ರೆಯನ್ನು ನೀವೇ ತಂದುಕೊಳ್ಳಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಕೀಲು ಕೆಂಪಾಗಿ ಊದಿದ್ದರೆ, ಜ್ವರವಿದ್ದರೆ ಕಾರಣ ಬೇರೆಯೇ ಇರಬಹುದು; ಅಂದೇ ಆಸ್ಪತ್ರೆಗೆ ಹೋಗಿ.