ಆರ್ಕಿಡ್ ಕುಂಡಕ್ಕೆ ಬರೀ ಕೊಕೊಪೀಟ್ ಬೇಡ

ಸಂಪಾದಕರೇ,

ಕಳೆದ ವಾರದ ಪುರವಣಿಯ ಕೈತೋಟದ ಪುಟದಲ್ಲಿ, ಆರ್ಕಿಡ್‌ಗೆ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ಮತ್ತು ಎರೆಗೊಬ್ಬರ ಸಮಪಾಲು ತುಂಬಿ, ಸದಾ ತೇವ ಇರುವಂತೆ ನೋಡಿಕೊಳ್ಳಿ ಎಂದು ಬರೆದಿದ್ದಾರೆ. ಬೇರೆ ಹೂವಿನ ಗಿಡಕ್ಕಾದರೆ ನಡೆದೀತು. ನರ್ಸರಿಗಳಲ್ಲಿ ಜಾಸ್ತಿ ಸಿಗುವ ಫೆಲನಾಪ್ಸಿಸ್, ಡೆಂಡ್ರೋಬಿಯಂ ಜಾತಿಯ ಆರ್ಕಿಡ್‌ಗಳಿಗೆ ಹೀಗೆ ಮಾಡಿದರೆ, ಅದರಲ್ಲೂ ನಮ್ಮ ಶಿರಸಿ ಕಡೆಯ ಮಳೆಗಾಲದಲ್ಲಿ, ಬೇರು ಕೊಳೆತೇ ಕೊಳೆಯುತ್ತದೆ.

ಇವು ಮರದ ಮೇಲೆ ಬದುಕುವ ಗಿಡಗಳು. ಹಲಸು, ಮಾವಿನ ಕೊಂಬೆಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ಗೊಂಚಲು ಇಳಿಬಿಡುವ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ಡನ್ನೇ ನೋಡಿ, ಅದಕ್ಕೆ ಮಣ್ಣು ಹಾಕಿದವರು ಯಾರು? ಬೇರು ಅರ್ಧ ತೊಗಟೆ ಹಿಡಿದಿರುತ್ತದೆ, ಅರ್ಧ ಗಾಳಿಯಲ್ಲೇ ಇರುತ್ತದೆ. ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂಥ ಪದರ ಇದೆ. ಮಳೆ ಬಿದ್ದಾಗ ಅದು ನೀರು ಹೀರಿ ಹಸಿರಾಗುತ್ತದೆ, ಒಣಗಿದರೆ ಬೆಳ್ಳಗೆ ಕಾಣುತ್ತದೆ. ಕೊಕೊಪೀಟ್ ನುಣ್ಣಗಿನ ಪುಡಿ, ತನ್ನ ತೂಕದ ಹಲವು ಪಟ್ಟು ನೀರು ಹಿಡಿದು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಗಾಳಿ ಆಡದೆ ಬೇರು ಸಾಯುತ್ತದೆ. ಸತ್ತ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ಎಲೆ ಸುಕ್ಕುಗಟ್ಟುತ್ತದೆ, ಅದನ್ನು ನೋಡಿ ಜನ ಪಾಪ ಬಾಯಾರಿದೆ ಅಂತ ಇನ್ನೊಂದು ಚೊಂಬು ನೀರು ಹೊಯ್ಯುತ್ತಾರೆ!

ಬೇಕಾದದ್ದು ದಪ್ಪ ದಪ್ಪ ತುಂಡುಗಳು. ಕಟ್ಟಿಗೆ ಇದ್ದಿಲು, ತೆಂಗಿನ ಸಿಪ್ಪೆ, ಇಟ್ಟಿಗೆ ಚೂರು, ಎಲ್ಲ ಸುಮಾರು 2 ಸೆಂಟಿಮೀಟರ್ ಗಾತ್ರಕ್ಕೆ ಒಡೆದು, ಜರಡಿ ಹಿಡಿದು ಪುಡಿ ತೆಗೆದುಬಿಡಿ. ಸಿಪ್ಪೆಯನ್ನು ಮೊದಲು ಕೆಲವು ದಿನ ನೆನೆಹಾಕಿ, ಕಂದು ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ನೀರು ಬದಲಿಸುತ್ತಿರಬೇಕು. ಬಾರ್ಬೆಕ್ಯೂಗೆ ಮಾರುವ ಅಚ್ಚಿನ ಇದ್ದಿಲು ಬೇಡ, ಅದರಲ್ಲಿ ಅಂಟು ಸೇರಿರುತ್ತದೆ. ಪೈನ್ ತೊಗಟೆ ಒಳ್ಳೆಯದೇ, ಆದರೆ ನಮ್ಮೂರಲ್ಲಿ ಇಷ್ಟು ಸಿಪ್ಪೆ ಬಿದ್ದಿರುವಾಗ ಸುಮ್ನೆ ದುಡ್ಡು ಯಾಕೆ ಖರ್ಚು?

ಪಾಲು ಊರಿನ ಮೇಲೆ ಹೋಗುತ್ತದೆ. ಮಲೆನಾಡು, ಕರಾವಳಿಯವರು ಇದ್ದಿಲು, ಇಟ್ಟಿಗೆ ಜಾಸ್ತಿ ಮಾಡಿ ಸಿಪ್ಪೆ ಕಡಿಮೆ ಮಾಡಿ. ಬಳ್ಳಾರಿ, ಕಲಬುರಗಿಯಂಥ ಒಣ ಹವೆಯಲ್ಲಿ ಸಿಪ್ಪೆ ಹೆಚ್ಚಿಸಿ, ಸ್ವಲ್ಪ ಪಾಚಿಯನ್ನೂ (ಕೆರೆಯ ಪಾಚಿಯಲ್ಲ, ಸ್ಫ್ಯಾಗ್ನಮ್ ಮಾಸ್) ಸೇರಿಸಬಹುದು. ವಾಂಡಾ ಜಾತಿಯ ಆರ್ಕಿಡ್‌ಗೆ ಏನೂ ತುಂಬಬೇಕಿಲ್ಲ, ಮರದ ಬುಟ್ಟಿಯಲ್ಲಿ ನೇತುಹಾಕಿದರೆ ಸಾಕು, ಆದರೆ ನೀರು ಮಾತ್ರ ತಪ್ಪಿಸಬಾರದು. ಸ್ಪಾತೋಗ್ಲಾಟಿಸ್‌ನಂಥ ನೆಲದ ಆರ್ಕಿಡ್‌ಗಳ ಲೆಕ್ಕವೇ ಬೇರೆ, ಅವಕ್ಕೆ ಮಣ್ಣು ಬೇಕು. ಬಹುಶಃ ಆ ಲೇಖನ ಎರಡನ್ನೂ ಒಂದೇ ಎಂದುಕೊಂಡಿದೆ.

ಇನ್ನೊಂದು ವಿಷಯ. ಅಂಗಡಿಯಿಂದ ತಂದ ಗಿಡದ ಬುಡದಲ್ಲಿ ಎಷ್ಟೋ ಸಲ ಬಿಗಿಯಾಗಿ ಒತ್ತಿದ ಪಾಚಿಯ ಉಂಡೆ ಇರುತ್ತದೆ. ಹೊರಗೆ ಎಷ್ಟು ಒಳ್ಳೆಯ ಇದ್ದಿಲು ಹಾಕಿದರೂ ಒಳಗೆ ಅದು ಒದ್ದೆಯಾಗಿಯೇ ಇರುತ್ತದೆ. ಹೂವು ಮುಗಿದು ಹೊಸ ಬೇರು ಮೊಳೆಯುವಾಗ ಅದನ್ನು ಬಿಡಿಸಿ, ಮೆತ್ತಗಾದ ಬೇರು ಕತ್ತರಿಸಿ, ಬೇರೆ ಕುಂಡಕ್ಕೆ ಹಾಕಿ. ಸಿಪ್ಪೆ ಕೊಳೆತು ಪುಡಿಯಾಗುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಮಳೆಗಾಲ ಶುರುವಾಗುವ ಮೊದಲೇ ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಹಾಗೇ ನರ್ಸರಿಯವರಿಗೂ ಒಂದು ಮಾತು: ‘ಆರ್ಕಿಡ್ ಮಿಕ್ಸ್’ ಎಂದು ಚೀಲ ಮಾರುವಾಗ ಒಳಗೆ ಏನೇನಿದೆ ಅಂತ ಮೇಲೆ ಬರೆಯಿರಿ.

— ಒಬ್ಬ ಓದುಗ, ಶಿರಸಿ