ಧರ್ಮಗಳನ್ನು ಹೋಲಿಸಲು ನಾಲ್ಕು ಅಂಕಣ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಜಗತ್ತಿನ ಪ್ರಮುಖ ಧರ್ಮಗಳನ್ನು ಪರಿಚಯಿಸುವ ಲೇಖನವನ್ನು ಆಸಕ್ತಿಯಿಂದ ಓದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಇಂತಹ ಪುಟಗಳನ್ನು ಕತ್ತರಿಸಿ ಇಟ್ಟುಕೊಳ್ಳುವುದರಿಂದ, ಲೇಖನದ ಜೊತೆಗಿದ್ದ ಕೋಷ್ಟಕದ ಕುರಿತು ಬರೆಯಬೇಕೆನಿಸಿತು. ಸ್ಥಾಪಕ, ಪವಿತ್ರ ಗ್ರಂಥ, ದೇವರು, ಪೂಜಾಸ್ಥಳ ಎಂಬ ನಾಲ್ಕು ಅಂಕಣಗಳಲ್ಲಿ ಎಲ್ಲ ಧರ್ಮಗಳನ್ನೂ ತುಂಬಿಸಲಾಗಿದ್ದು, ಬೌದ್ಧ ಧರ್ಮದ ಸಾಲಿನಲ್ಲಿ ದೇವರು ಎಂಬಲ್ಲಿ ‘ಬುದ್ಧ’ ಎಂದು ಅಚ್ಚಾಗಿದೆ. ಬೌದ್ಧ ಧರ್ಮವು ಹಿಂದೂ ಧರ್ಮದ ಒಂದು ಶಾಖೆ ಎಂದೂ, ಎಲ್ಲ ಧರ್ಮಗಳ ಸಾರ ಒಂದೇ ಎಂದೂ ಕೆಳಗೆ ಷರಾ ಇದೆ. ಈ ಮೂರೂ ಒಪ್ಪತಕ್ಕ ಮಾತುಗಳಲ್ಲ.

ಮೊದಲ ಅಂಕಣದಿಂದಲೇ ತೊಡಕು ಶುರುವಾಗುತ್ತದೆ. ಇಸ್ಲಾಮಿನ ಸ್ಥಾಪಕರು ಪೈಗಂಬರ್ ಮುಹಮ್ಮದ್ ಎಂದು ಬರೆದರೆ ಭಟ್ಕಳದ ಯಾವ ಮುಸ್ಲಿಂ ವಿದ್ವಾಂಸರೂ ಅದನ್ನು ಹಾಗೆಯೇ ಒಪ್ಪಿಕೊಳ್ಳಲಾರರು. ಆದಂ, ಇಬ್ರಾಹಿಂ, ಮೂಸಾ, ಈಸಾ ಇವರೆಲ್ಲರ ಮೂಲಕ ಬಂದ ಸಂದೇಶವೇ ಕೊನೆಯದಾಗಿ ಮುಹಮ್ಮದರ ಮೂಲಕ ಪೂರ್ಣಗೊಂಡಿತು ಎಂಬುದು ಮುಸ್ಲಿಮರ ನಂಬಿಕೆ. ಜೈನರಿಗೆ ಮಹಾವೀರರು ಇಪ್ಪತ್ತನಾಲ್ಕನೆಯ ತೀರ್ಥಂಕರರೇ ಹೊರತು ಮೊದಲಿಗರಲ್ಲ. ಬೌದ್ಧರೂ ಗೌತಮನಿಗಿಂತ ಹಿಂದೆ ಬುದ್ಧರಿದ್ದರೆಂದು ನಂಬುತ್ತಾರೆ. ಅಂಥವರಲ್ಲೊಬ್ಬನಾದ ಕನಕಮುನಿಯ ಸ್ತೂಪವನ್ನು ಹಿಗ್ಗಿಸಿದ ಸಂಗತಿಯನ್ನು ಅಶೋಕನೇ ಕಂಬದ ಮೇಲೆ ಕೆತ್ತಿಸಿದ್ದಾನೆ. ಇತಿಹಾಸಕಾರರು ಸ್ಥಾಪಕ ಎನ್ನುವುದಕ್ಕೂ ಅನುಯಾಯಿಗಳು ತಮ್ಮ ಗುರುವನ್ನು ಕಾಣುವುದಕ್ಕೂ ಇರುವ ಈ ವ್ಯತ್ಯಾಸವನ್ನು ಮಕ್ಕಳಿಗೆ ಒಂದು ಸಾಲಿನಲ್ಲಾದರೂ ತಿಳಿಸಬೇಕಿತ್ತು.

ಗ್ರಂಥದ ಅಂಕಣಕ್ಕೂ ಇದೇ ಗತಿ. ಕುರಾನ್ ಪ್ರವಾದಿಯವರು 632ರಲ್ಲಿ ನಿಧನರಾದ ಕೆಲವೇ ದಶಕಗಳಲ್ಲಿ ಒಂದು ಸಂಪುಟವಾಗಿ ನಿಂತಿತು. ಬುದ್ಧನ ಮಾತುಗಳಾದರೋ ಶತಮಾನಗಳ ಕಾಲ ಬಾಯಿಪಾಠದಲ್ಲೇ ಉಳಿದು, ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಸಿಂಹಳದಲ್ಲಿ ಪಾಲಿ ಭಾಷೆಯಲ್ಲಿ ಬರಹಕ್ಕಿಳಿದವು. ಅದೇ ತ್ರಿಪಿಟಕ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಧರ್ಮಗ್ರಂಥ ಅದಲ್ಲ. ಬುದ್ಧವಚನವೆಂದು ಅವರು ಮನ್ನಿಸುವ ಗ್ರಂಥಗಳ ಸಂಗ್ರಹವಾದ ಕಂಗ್ಯೂರ್ ಒಂದೇ ಸುಮಾರು ನೂರು ಸಂಪುಟಗಳಷ್ಟಿದೆ.

ಇನ್ನು ಶಾಖೆ ಎಂಬ ಮಾತು. ಬುದ್ಧ ಬದುಕಿದ್ದ ಮಗಧದ ಸೀಮೆಯಲ್ಲಿ ಯಜ್ಞವನ್ನು ನಂಬಿದ ವೈದಿಕರಿದ್ದಂತೆಯೇ ಮನೆ ತೊರೆದು ಅಲೆಯುತ್ತಿದ್ದ ಶ್ರಮಣರೂ ಇದ್ದರು; ಜೈನರು, ಆಜೀವಿಕರು, ಬೌದ್ಧರು ಈ ಎರಡನೆಯ ಗುಂಪಿನವರು. ಕರ್ಮ, ಪುನರ್ಜನ್ಮಗಳ ಚರ್ಚೆ ಅಲ್ಲಿ ಎಲ್ಲರಿಗೂ ಸೇರಿದ್ದು. ಬುದ್ಧ ಅದನ್ನು ಉಳಿಸಿಕೊಂಡು, ವೇದಪ್ರಾಮಾಣ್ಯವನ್ನೂ ಯಜ್ಞದಲ್ಲಿನ ಪ್ರಾಣಿವಧೆಯನ್ನೂ ಬಿಟ್ಟ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಅಡಿಕೆಯ ಕೊಂಬೆ ಎಂದು ಶಿರಸಿಯ ತೋಟಿಗರು ಯಾರೂ ಕರೆಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ ಎಂಬುದನ್ನು ಲೇಖಕರು ಆಧಾರವಾಗಿ ಕೊಟ್ಟಿದ್ದಾರೆ. ಕಾನೂನಿನ ಅನುಕೂಲಕ್ಕೆ ಮಾಡಿದ ವರ್ಗೀಕರಣ ಧರ್ಮದ ಹುಟ್ಟನ್ನು ತೀರ್ಮಾನಿಸಲಾರದು.

ನನ್ನ ಮುಖ್ಯ ತಕರಾರು ಇರುವುದು ‘ದೇವರು’ ಎಂಬ ಅಂಕಣದ ಬಗ್ಗೆ. ಯೆಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳಲ್ಲಿ ಸೃಷ್ಟಿಕರ್ತನಾದ ಒಬ್ಬ ದೇವರಿಗೂ ಮನುಷ್ಯನಿಗೂ ಇರುವ ಸಂಬಂಧವೇ ಎಲ್ಲದರ ಬುಡವಾಗಿರುವುದರಿಂದ ಅಲ್ಲಿ ಈ ಪ್ರಶ್ನೆ ಸಹಜ. ಬೌದ್ಧ ಧರ್ಮ ಪ್ರಾರಂಭವಾಗುವುದು ದುಃಖವಿದೆ, ಅದಕ್ಕೆ ತೃಷ್ಣೆ ಕಾರಣ, ಅದು ಕೊನೆಗಾಣಬಲ್ಲದು, ಅದಕ್ಕೆ ಅಷ್ಟಾಂಗ ಮಾರ್ಗವಿದೆ ಎಂಬ ಸಾರನಾಥದ ಉಪದೇಶದಿಂದ. ಸೃಷ್ಟಿಕರ್ತನಿಗೆ ಅಲ್ಲಿ ಕೆಲಸವಿಲ್ಲ. ಹಾಗೆಂದು ಆ ಜಾಗದಲ್ಲಿ ‘ಇಲ್ಲ’ ಎಂದು ತಿದ್ದಿದರೆ ಮುಗಿಯಿತೇ? ಆಗ ಜೈನರೂ ಬೌದ್ಧರೂ ಒಂದೇ ಮನೆಗೆ ಬೀಳುತ್ತಾರೆ, ಏಕೆಂದರೆ ಜೈನರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಆದರೆ ಅವರಿಬ್ಬರೂ ಶತಮಾನಗಳ ಕಾಲ ಜಗಳವಾಡಿದ್ದು ದೇವರ ವಿಷಯಕ್ಕಲ್ಲ. ಜೀವ ಎಂಬುದು ನಿತ್ಯ, ಕರ್ಮದ ಕೊಳೆ ಕಳೆದರೆ ಅದು ತನ್ನ ಸ್ವರೂಪದಲ್ಲಿ ಬೆಳಗುತ್ತದೆ ಎನ್ನುತ್ತಾರೆ ಜೈನರು. ಅಂತಹ ನಿತ್ಯವಾದ ಆತ್ಮವೇ ಇಲ್ಲ, ಇರುವುದು ಕಾರಣದಿಂದ ಕಾರಣಕ್ಕೆ ಹರಿಯುವ ಪ್ರವಾಹ ಮಾತ್ರ ಎನ್ನುತ್ತಾರೆ ಬೌದ್ಧರು.

ಈ ವಾದದ ಎರಡು ಕೊನೆಗಳೂ ನಮ್ಮ ಜಿಲ್ಲೆಯಲ್ಲೇ ಇವೆ ಎಂಬುದನ್ನು ಲೇಖಕರು ಗಮನಿಸಿದ್ದರೆ ಎಷ್ಟು ಚೆನ್ನಾಗಿತ್ತು. ಬೌದ್ಧ ತಾರ್ಕಿಕ ಧರ್ಮಕೀರ್ತಿಯನ್ನು ಖಂಡಿಸಿದ ಜೈನ ಆಚಾರ್ಯ ಅಕಲಂಕರ ಹೆಸರನ್ನು ಶಿರಸಿ ಬಳಿಯ ಸೋಂದೆಯ ಜೈನ ಮಠದ ಭಟ್ಟಾರಕರು (ಪೀಠಾಧಿಪತಿಗಳು) ಇಂದಿಗೂ ಹೊತ್ತಿದ್ದಾರೆ. ಅದೇ ಧರ್ಮಕೀರ್ತಿಯನ್ನು ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಡೆನ್ ಮಠಗಳ ಭಿಕ್ಷುಗಳು ಇಂದಿಗೂ ಪಠ್ಯವಾಗಿ ಓದುತ್ತಾರೆ. ಅಲ್ಲಿನ ಅಂಗಳದಲ್ಲಿ ನಡೆಯುವ ವಾದವನ್ನು ನೋಡಬೇಕು: ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು, ಪ್ರಶ್ನೆ ಮುಗಿಯುವ ಹೊತ್ತಿಗೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಲಗೈಯಿಂದ ಎಡಗೈಗೆ ಜೋರಾಗಿ ತಟ್ಟುತ್ತಾನೆ; ಕುಳಿತವನು ಹಿಂದೆ ಒಪ್ಪಿಕೊಂಡ ಮಾತಿಗೆ ವಿರೋಧವಾಗಿ ನುಡಿದರೆ ಸುತ್ತಲಿನವರು ಬಿಡುವುದಿಲ್ಲ. ಸೋಂದೆಯಲ್ಲೇ ಇನ್ನೊಂದು ಸ್ವಾರಸ್ಯವಿದೆ. ಅಲ್ಲಿ ಅದ್ವೈತದ ಸ್ವರ್ಣವಲ್ಲೀ ಮಠವೂ ದ್ವೈತದ ವಾದಿರಾಜ ಮಠವೂ ಅಕ್ಕಪಕ್ಕದ ಊರಿನವು. ಅದ್ವೈತಿಗಳನ್ನು ‘ಪ್ರಚ್ಛನ್ನ ಬೌದ್ಧರು’ (ವೇಷ ಮರೆಸಿದ ಬೌದ್ಧರು) ಎಂದು ದ್ವೈತಿಗಳು ಹಳಿಯುತ್ತಿದ್ದ ಕಾಲವೊಂದಿತ್ತು. ಸಾರವೆಲ್ಲ ಒಂದೇ ಎಂದು ಆ ಹಿರಿಯರು ಅಂದುಕೊಂಡಿದ್ದರೆ ಇಷ್ಟು ಶಾಸ್ತ್ರ ಬೆಳೆಯುತ್ತಲೇ ಇರಲಿಲ್ಲ.

ನೀತಿಯ ನಿಯಮಗಳಲ್ಲಿ ಹೋಲಿಕೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೊಲ್ಲಬಾರದು, ಕದಿಯಬಾರದು, ಸುಳ್ಳು ಹೇಳಬಾರದು ಎಂಬುದು ಬೌದ್ಧರ ಪಂಚಶೀಲದಲ್ಲೂ ಜೈನರ ಪಂಚವ್ರತದಲ್ಲೂ ಬೈಬಲಿನ ದಶಾಜ್ಞೆಗಳಲ್ಲೂ ಉಂಟು. ಆದರೆ ದಶಾಜ್ಞೆಗಳು ಸಿನಾಯ್ ಬೆಟ್ಟದಲ್ಲಿ ದೇವರು ವಿಧಿಸಿದ ಕಟ್ಟಳೆಗಳು, ಅವುಗಳಲ್ಲಿ ಮೊದಲನೆಯದೇ ನನ್ನ ಹೊರತು ಬೇರೆ ದೇವರು ಬೇಡ ಎಂಬುದು. ಪಂಚಶೀಲವನ್ನು ಹಿಡಿಯುವವನು ಈ ಶಿಕ್ಷಣವನ್ನು ನಾನಾಗಿಯೇ ಕೈಗೊಳ್ಳುತ್ತೇನೆ ಎಂದು ಹೇಳುತ್ತಾನೆ. ಮುರಿದರೆ ದಂಡಿಸುವ ಒಡೆಯನಿಲ್ಲ, ಫಲ ಉಣ್ಣುವುದು ಮಾತ್ರ ತಪ್ಪದು.

ಇಷ್ಟೆಲ್ಲ ಹೇಳಿದ ಮೇಲೆ, ಬೌದ್ಧ ಧರ್ಮ ಧರ್ಮವೇ ಅಲ್ಲ, ಬರಿಯ ತತ್ತ್ವಶಾಸ್ತ್ರ ಎನ್ನುವ ಈಚಿನ ಓದುಗರಿಗೂ ಒಂದು ಮಾತು ಸೇರಿಸಬೇಕು. ಮುಂಡಗೋಡಿನ ಪ್ರಾರ್ಥನಾ ಮಂದಿರದಲ್ಲಿ ಬುದ್ಧನ ಮೂರ್ತಿಯ ಮುಂದೆ ಏಳು ಬಟ್ಟಲು ನೀರು ಸಾಲಾಗಿ ಇಟ್ಟಿರುತ್ತಾರೆ, ಅಜ್ಜಿಯರು ಮಣಿ ಎಣಿಸುತ್ತ ಕರುಣೆಯ ಬೋಧಿಸತ್ತ್ವನಾದ ಅವಲೋಕಿತೇಶ್ವರನ ಮಂತ್ರ ಜಪಿಸುತ್ತಾರೆ, ಅಡ್ಡಬೀಳುತ್ತಾರೆ. ಜಪಾನಿನಲ್ಲಿ ಅಮಿತಾಭ ಬುದ್ಧನ ಹೆಸರು ಹೇಳಿದರೆ ಶುದ್ಧಲೋಕದಲ್ಲಿ ಹುಟ್ಟು ದೊರಕುತ್ತದೆ ಎಂದು ನಂಬುವ ಪಂಥಗಳಿವೆ. ಇನ್ನೊಂದು ಕಡೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಡಾ. ಅಂಬೇಡ್ಕರ್ ಅವರು, ಬುದ್ಧ ವಿಷ್ಣುವಿನ ಅವತಾರ ಎಂಬ ಮಾತನ್ನು ತಾವು ಒಪ್ಪುವುದಿಲ್ಲವೆಂದು ಪ್ರತಿಜ್ಞೆಯಲ್ಲೇ ಸೇರಿಸಿದರು. ಇವರೆಲ್ಲರೂ ಬೌದ್ಧರೇ.

ಕೋಷ್ಟಕವನ್ನು ತಿದ್ದಿ ಮರುಮುದ್ರಿಸುವಿರಾದರೆ, ದೇವರ ಅಂಕಣವನ್ನು ತೆಗೆದು, ಮನುಷ್ಯನ ಸಂಕಟಕ್ಕೆ ಕಾರಣ ಏನೆನ್ನುತ್ತಾರೆ, ಬಿಡುಗಡೆ ಯಾರಿಂದ ಎನ್ನುತ್ತಾರೆ ಎಂಬ ಎರಡು ಅಂಕಣಗಳನ್ನು ಹಾಕಬೇಕೆಂದು ಕೋರುತ್ತೇನೆ. ಜೊತೆಗೆ ಲೇಖನದಲ್ಲಿ ಹಾಕಿರುವ ತಾಜಮಹಲಿನ ಚಿತ್ರದ ಬದಲು (ಅದು ಗೋರಿಯೇ ಹೊರತು ಪೂಜಾಸ್ಥಳವೆಂದು ತೋರಿಸತಕ್ಕದ್ದಲ್ಲ) ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಚಿತ್ರ ಹಾಕಬಹುದು. ಅದರ ಮೇಲಿನ ಪ್ರಾಕೃತ ಶಾಸನದಲ್ಲಿ ಬನವಾಸಿಯನ್ನಾಳಿದ ಚುಟು ವಂಶದ ಅರಸನ ಮಗಳು ನಾಗವನ್ನೂ ಕೆರೆಯನ್ನೂ ಭಿಕ್ಷುಗಳ ವಾಸದ ವಿಹಾರವನ್ನೂ ಒಟ್ಟಿಗೆ ದಾನ ಮಾಡಿದ್ದು ದಾಖಲಾಗಿದೆ. ಮುಂದಿನ ಕಂತು ಬರೆಯುವವರು ಸಾಧ್ಯವಾದರೆ ಮುಂಡಗೋಡಿಗೆ ಹೋಗಿ ಒಂದು ಸಂಜೆ ಕುಳಿತು ಬರಲಿ. ಕನ್ನಡ ಮಾತನಾಡುವ ಭಿಕ್ಷುಗಳೂ ಅಲ್ಲಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಶಿರಸಿ