ಹಾಸನದ ಬಸ್ಸಿನಲ್ಲಿ ಸಿಕ್ಕ ಹಿರಿಯರಿಗೆ

ಸರ್, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಏಪ್ರಿಲ್ ತಿಂಗಳು, ಚಿಕ್ಕಮಗಳೂರಿನಿಂದ ಹಾಸನಕ್ಕೆ ಹೊರಟ ಬಸ್ಸು. ನನ್ನ ತೊಡೆ ಮೇಲಿದ್ದ, ಮೊಳಕೆ ಬಾರ್ಲಿಯ ಗಟ್ಟಿ ಪಾಕವಾದ ಮಾಲ್ಟ್ ಎಕ್ಸ್‌ಟ್ರಾಕ್ಟ್ ಡಬ್ಬಿ ನೋಡಿ ನೀವೇ ಮಾತಿಗೆಳೆದಿರಿ. "ಮನೇಲೇ ಬಿಯರ್ ಮಾಡ್ತೀಯೇನಪ್ಪಾ?"

ಎರಡು ಸಲ ಮಾಡಿದ್ದೆ. ಎರಡೂ ಸಲ ಪೇಂಟ್ ಥಿನ್ನರ್ ಥರ ವಾಸನೆ. ತಪ್ಪು ಡಬ್ಬಿಯದ್ದು ಅಂದುಕೊಂಡಿದ್ದೆ. ನೀವು ಕೇಳಿದ್ದು ಒಂದೇ: "ಬಿಯರ್ ಹುದುಗೋ ಬಕೆಟ್ ಎಲ್ಲಿಡ್ತೀಯ?" ಅಡುಗೆಮನೆಯಲ್ಲಿ ಅಂದೆ. ಅಲ್ಲೇ ಉತ್ತರ ಸಿಕ್ಕಿತು. ಸೆಕೆ ಜಾಸ್ತಿಯಾದರೆ ಯೀಸ್ಟ್ ಅವಸರ ಮಾಡುತ್ತದೆ, ಆ ಘಾಟು ಅದರದ್ದೇ. ಏಲ್ ಎಂಬ ಬಗೆಯ ಬಿಯರ್‌ನ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಸಾಕು ಅಂದಿರಿ. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು, ಬೆಳಿಗ್ಗೆ ಸಂಜೆ ಐಸ್ ಬಾಟಲಿ ಬದಲಿಸುವುದನ್ನೂ ಹೇಳಿಕೊಟ್ಟಿರಿ.

ಬೇಲೂರು ದಾಟುವಷ್ಟರಲ್ಲಿ ಇನ್ನೂ ಎಷ್ಟೋ ವಿಷಯ ಬಂದವು. ಎಕ್ಸ್‌ಟ್ರಾಕ್ಟ್ ಸುರಿಯುವಾಗ ಒಲೆ ಆರಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಅರ್ಧ ಭಾಗವನ್ನು ಕುದಿಯ ಕೊನೆಗೆ ಹಾಕಿದರೆ ಬಣ್ಣ ತಿಳಿಯಾಗಿ ಉಳಿಯುತ್ತದೆ. ಕುದಿ ಇಳಿದ ಮೇಲೆ ಮುಟ್ಟುವ ಪ್ರತಿ ಪಾತ್ರೆಯೂ ಸ್ಯಾನಿಟೈಸ್ ಆಗಿರಬೇಕು, ಸುಮ್ನೆ ತೊಳೆದರೆ ಸಾಲದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವ ತನಕ ಬಾಟಲಿಗೆ ತುಂಬಬಾರದು, ಒಳಗೆ ಗ್ಯಾಸ್ ಹೆಚ್ಚಿ ಗಾಜು ಸಿಡಿಯಬಹುದು. ತುಂಬುವಾಗ ನೊರೆ ಬರಲು ಲೀಟರಿಗೆ 6 ಗ್ರಾಂ ಸಕ್ಕರೆ. ಇದನ್ನು ನನ್ನ ಟಿಕೆಟ್ಟಿನ ಹಿಂದೆ ನೀವೇ ಬರೆದುಕೊಟ್ಟಿರಿ. ಆ ಟಿಕೆಟ್ ಈಗಲೂ ಇದೆ.

ಈ ಸಲದ ಬಿಯರ್‌ನಲ್ಲಿ ಘಾಟಿಲ್ಲ, ಸರ್. ಬ್ರೆಡ್ಡಿನಂಥ ಹಿತವಾದ ಮಾಲ್ಟ್ ಪರಿಮಳ, ಕೊನೆಗೆ ಬಿಯರ್‌ಗೆ ಹಾಕುವ ಕಹಿ ಹೂವಾದ ಹಾಪ್ಸ್‌ನ ಸಣ್ಣ ಕಹಿ. ನಿಮಗಾಗಿ ಎರಡು ಬಾಟಲಿ ತೆಗೆದಿಟ್ಟಿದ್ದೇನೆ. ತುಂಬಾ ತುಂಬಾ ಧನ್ಯವಾದ.